ಮಳೆ ದಿನದ ಐದು ಕಲೆ

ಊರಿಗೆ ವಾಪಸ್ ಹೋಗೋ ಬಸ್ಸಿನ ತಗಡಿನ ತೂತಿಂದ ಬಿದ್ದ ಬಿಸಿಲಬಿಲ್ಲೆ ಮುಂದಿನ ಸೀಟಿನ ಮುದುಕಿಯ ಸೆರಗಿನ ಮೇಲೆ ಆಡ್ತೈತೆ, ಅದೂ ಸೂರ್ಯನ ಬಿಂಬವೇ ಕಣಮ್ಮ ಅಂದ್ರೆ ಪಿಚ್ಚೋಡು, ಹುಚ್ಚ, ಅಂತಾಳೆ, ಅನ್ನಲಿ, ಹನ್ನೊಂದು ವರ್ಷದಿಂದ ಹಿಂದೂಪುರವೆಲ್ಲ ಅಂದದ್ದು ಅದನ್ನೇ, ಸ್ಕೂಲಿಗೆ ಹೋಗೋ ಮುಂಚೆ ಮಾಳಿಗೆ ಮೇಲೆ ದುರ್ಬೀನಿಟ್ಟು ಸೂರ್ಯನನ್ನ ಬಿಳೀ ಹಾಳೆ ಮೇಲೆ ಇಳಿಸಿ ಕಪ್ಪು ಕಲೆ ಎಣಿಸೋ ಮೇಷ್ಟ್ರು, ಎಣಿಸಿದ್ರೆ ಏನು ಬತ್ತೈತೆ ಸಾರ್ — ಏನೂ ಬರಲ್ಲ ಕಣಪ್ಪ, ಈಗ ಬಂದೈತಲ್ಲ ಜೇಬಿನಾಗೆ, ಬೆಂಗಳೂರಿನ ಸೂರ್ಯ ಸಂಶೋಧನೆಯವರ ಕಾಗದ. ಎಂಬತ್ತನೇ ಇಸವಿಯಾಗೆ ಅವರೇ ಬಂದು ಕರೆದದ್ದು, ನಿಮ್ಮಂಥ ಹವ್ಯಾಸಿಗಳು ದಿನಾ ನೋಡಿ ಬರೆದು ಕಳಿಸಿದ್ರೆ ಸಂಶೋಧನೆಗೆ ಬಲ ಅಂದ್ರು, ನಾನು ಹಿಂದೂಪುರದಿಂದ, ನನ್ನ ಹೆಂಡ್ತಿ ರಾಮಾಂಜಿನಮ್ಮನ ಅಣ್ಣ ನಾರಪ್ಪ ಬಾವ ಕಲ್ಯಾಣದುರ್ಗದಿಂದ, ತಿಂಗಳಿಗೊಂದು ಹಾಳೆ, ದಿನಕ್ಕೊಂದು ಚೌಕ, ಮೋಡವಿದ್ದರೆ ಖಾಲಿ ಬಿಡಿ ಅಂದ್ರು — ಖಾಲಿ ಬಿಟ್ಟ ರಿಜಿಸ್ಟರ್ ಕಂಡ್ರೆ ನಮ್ಮ ಇನ್ಸ್‌ಪೆಕ್ಟರು ಚರ್ಮ ಸುಲೀತಿದ್ರು, ಬಾರದ ಹುಡುಗರಿಗೂ ಹಾಜರಿ ಹಾಕಿ ಪಳಗಿದ ಕೈ ಇದು, ಆದ್ರೂ ಬಿಟ್ಟೆ, ಮೋಡದ ದಿನವೆಲ್ಲ ಮರ್ಯಾದೆಯಾಗಿ ಖಾಲಿ ಬಿಟ್ಟೆ, ಒಂದೇ ಒಂದು ದಿನ ತುಂಬಿದೆ. ಎರಡು ವರ್ಷದ ಹಿಂದೆ, ನವೆಂಬರ್ ಒಂಬತ್ತು. ಆವತ್ತು ರಾಮಾಂಜಿನಮ್ಮನ್ನ ಮಣ್ಣು ಮಾಡಿದ್ವಿ.

ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದಾರೆ ಪುಣ್ಯಾತ್ಮರು, ನನ್ನ ಚೌಕದಾಗೆ ಐದು ಕಲೆ, ಬಾವನ ಚೌಕದಾಗೆ ಕಲೆ ಇಲ್ಲ, ಪುಟ್ಟ ಅಕ್ಷರದಾಗೆ — ತಂಗಿ ಹೋದಳು, ಹಿಂದೂಪುರದಾಗಿದ್ದೆ, ದಿನವೆಲ್ಲ ಮಳೆ. ಕಾಗದದಾಗೆ ಬರೆದಿದಾರೆ, ದಯವಿಟ್ಟು ತಪ್ಪು ತಿಳಿಯಬೇಡಿ, ನಿಮ್ಮ ಮಿಕ್ಕ ದಿನಗಳನ್ನು ನಾವು ಹೇಗೆ ನಂಬುವುದು, ಹನ್ನೊಂದು ವರ್ಷದ್ದನ್ನೂ ಲೆಕ್ಕದಿಂದ ತೆಗೆದಿದ್ದೇವೆ. ಎಷ್ಟು ನಯವಾಗಿ ಕತ್ತು ಕುಯ್ತಾರೆ ಓದಿದವರು. ಅದಕ್ಕೇ ಇವತ್ತು ಬೆಳಗ್ಗೆನೇ ಕಲ್ಯಾಣದುರ್ಗಕ್ಕೆ ಹೋದೆ, ನಾಚಿಕೆ ಬಿಟ್ಟು ಕೇಳಿದೆ, ಬಾವಾ, ಮಧ್ಯಾಹ್ನ ಹತ್ತು ನಿಮಿಷ ಮಳೆ ನಿಂತಿತ್ತು, ಬರೆಯೋದು ಮರೆತೆ ಅಂತ ಒಂದು ಸಾಲು ಬರೆದುಕೊಡು, ನನ್ನ ಹನ್ನೊಂದು ವರ್ಷ ಉಳೀತೈತೆ. ಬಾವ ಕಡಲೆಕಾಯಿ ಸುಲೀತಾ ಕೂತಿದ್ದ, ತಲೆ ಎತ್ತಲಿಲ್ಲ, ಬೈದಿದ್ರೆ ತಡ್ಕೋಬಹುದಿತ್ತು. ಗುಂಡಿಗೆ ನೀರು ನುಗ್ತಿತ್ತು ಓಬುಳಪತಿ, ಬಕೇಟಿನಾಗೆ ಮೊಗೆದೂ ಮೊಗೆದೂ ಕೈ ಬಿದ್ದೋಯ್ತು, ಹತ್ತು ನಿಮಿಷ ನಿಂತಿದ್ರೆ ನನ್ನ ತಂಗಿನ ನೀರಾಗೆ ಯಾಕೆ ಮಲಗಿಸ್ತಿದ್ದೆ ಅಂದ. ಆಮೇಲೆ ಕೇಳಿದ, ನೀನೆಲ್ಲಿದ್ದೆ ಆಗ.

ಎಲ್ಲಿದ್ದೆ. ಅವಳಿಗೆ ಹೊದಿಸೋಕೆ ಬಿಳೀ ಬಟ್ಟೆ ತತ್ತೀನಿ ಅಂತ ಗುಂಡಿ ಹತ್ರದಿಂದ ಮನೆಗೆ ಬಂದಿದ್ದೆ, ಬಟ್ಟೆ ಪೆಟ್ಟಿಗೆ ಪಕ್ಕ ಹಾಳೆ ಇತ್ತು, ಒಂಬತ್ತನೇ ಚೌಕ ಬಾಯಿ ಬಿಟ್ಕೊಂಡಿತ್ತು, ಪೆನ್ಸಿಲ್ ಯಾವಾಗ ತಗೊಂಡೆ, ಎಷ್ಟು ಹೊತ್ತು ಕೂತೆ, ಥೂ ನನ್ನ ಜನ್ಮಕ್ಕೆ, ವಾಪಸ್ ಹೋಗೋ ಹೊತ್ತಿಗೆ ಮಣ್ಣು ಮುಚ್ಚಿದ್ರು — ಅವಳನ್ನ ಇಳಿಸಿದ್ದು ನಾನು ನೋಡಲಿಲ್ಲ, ತಲೆ ಯಾವ ಕಡೆ, ಹಣೆಗೆ ಕುಂಕುಮ ಇತ್ತೋ ಮಳೆಗೆ ಕರಗಿತ್ತೋ, ಕಣ್ಣು ಮುಚ್ಚಿ ನೆನೆಸ್ಕೋತೀನಿ, ಗುಂಡಿ ಬರಲ್ಲ, ನೀರು ಬರಲ್ಲ, ಅವಳ ಮುಖ ಬರಲ್ಲ, ಬರೋದು ಆ ಕಲೆಗಳೇ, ಮೇಲೆ ಎರಡು, ಕೆಳಗೆ ಮೂರು, ನಾನೇ ಕೂತು ಬರೆದದ್ದು, ಮೇಲೆ ಎರಡು, ಕೆಳಗೆ ಮೂರು,