ಮೂರನೇ ಬೇಸಿನ ಗೆರೆ

ಬೇಸ್‌ಬಾಲ್ ಬಯಲಿನಲ್ಲಿ ಸುಣ್ಣದ ಗೆರೆ ಎಳೆಯುವ ಗಾಡಿಯೊಳಗೆ ಏನೋ ಟಣ್ ಎಂದು ಸದ್ದಾಯಿತು. ಸುಣ್ಣದಲ್ಲಿ ಕಲ್ಲು ಸೇರಿರಬೇಕು ಎಂದುಕೊಂಡ ಲೋವೆಲ್. ಮೂರನೇ ಬೇಸಿನಿಂದ ಬೇಲಿಯ ಹಳದಿ ಕಂಬದವರೆಗೆ ಹೋಗಬೇಕಾದ ಗೆರೆ ಇನ್ನು ಇಪ್ಪತ್ತು ಅಡಿ ಬಾಕಿ. ಗಾಡಿ ನಿಲ್ಲಿಸಿ, ಮುಚ್ಚಳ ತೆಗೆದು, ಒಳಗೆ ಕೈಯಾಡಿಸಿದ. ಸಿಕ್ಕಿದ್ದು ಕಲ್ಲಲ್ಲ. ಕೋಟಿನ ಗುಂಡಿಯಷ್ಟಗಲದ ಲೋಹದ ಬಿಲ್ಲೆ. ಮೇಲೆ ಐದು ಅಂಕಿ ಅಚ್ಚೊತ್ತಿದ್ದವು.

ಆ ಬಿಲ್ಲೆಯನ್ನು ಅವನು ಮಂಗಳವಾರ ಅಮ್ಮನ ಅಡುಗೆಮನೆಯಲ್ಲಿ ನೋಡಿದ್ದ. ಇದು ಅಪ್ಪನ ಬೂದಿ ಎಂಬ ಗುರುತಿಗೆ ಶವ ಸುಡುವ ಮನೆಯವರು ಬೂದಿಯೊಳಗೇ ಇಟ್ಟು ಕೊಟ್ಟಿದ್ದ ಬಿಲ್ಲೆ.

ಗಾಡಿಯ ಹಿಡಿ ಹಿಡಿದುಕೊಂಡೇ ಹಿಂದಿರುಗಿ ನೋಡಿದ. ಅರ್ಧ ದೂರದವರೆಗೆ ಹಾಲಿನಂತೆ ಬೆಳ್ಳಗಿದ್ದ ಗೆರೆ ಅಲ್ಲಿಂದಾಚೆ ಬೂದುಬಣ್ಣಕ್ಕೆ ತಿರುಗಿತ್ತು.

ಆಗಿದ್ದು ಇಷ್ಟೇ. ಮೂರನೇ ಬೇಸಿನ ಹತ್ತಿರ ಬರುವಷ್ಟರಲ್ಲಿ ಚೀಲದ ಸುಣ್ಣ ಮುಗಿದು, ಗಾಡಿಯಲ್ಲಿ ಸ್ವಲ್ಪವೇ ಉಳಿದಿತ್ತು. ಪ್ರತಿ ವರ್ಷ ಆಟದ ಕಾಲ ಮುಗಿದಾಗ ಮಿಕ್ಕ ಸುಣ್ಣವನ್ನು ಥಂಡಿ ಹಿಡಿಯದಂತೆ ಕೆಂಪು ಕಾಫಿ ಡಬ್ಬಿಗೆ ತುಂಬಿ ಶೆಡ್ಡಿನ ಅಟ್ಟದ ಮೇಲಿಡುವುದು ಅಪ್ಪನ ಪದ್ಧತಿ. ಲೋವೆಲ್ ಶೆಡ್ಡಿಗೆ ಹೋದ, ಕೈ ತಾನಾಗಿ ಮೇಲೆ ಹೋಯಿತು, ಡಬ್ಬಿ ಇಳಿಸಿತು, ಸುರಿಯಿತು. ಕೈ ಮರೆತದ್ದು ಒಂದನ್ನೇ. ಬೆಳಿಗ್ಗೆ ಗಾಳಿಗೆ ಟ್ರಕ್ಕಿನಲ್ಲಿ ಬಿಡಲು ಹೆದರಿ, ಅದೇ ಅಟ್ಟದ ಮೇಲೆ ಅಪ್ಪನ ಬೂದಿಯಿದ್ದ ಇನ್ನೊಂದು ಕೆಂಪು ಡಬ್ಬಿಯನ್ನು ಅದೇ ಕೈ ಇಟ್ಟಿತ್ತು. ಅರವತ್ತು ವರ್ಷ ಒಂದೇ ಕಾಫಿ ಕುಡಿದ ಮನೆ. ಇದ್ದ ಡಬ್ಬಿಗಳೆಲ್ಲ ಒಂದೇ ಥರ. ಹೂದಾನಿಯಂಥದ್ದರಲ್ಲಿ ನನ್ನನ್ನು ಹಾಕಬೇಡಿ, ನನ್ನ ಸುಣ್ಣಕ್ಕೆ ಸಾಕಾದ ಡಬ್ಬಿ ನನಗೂ ಸಾಕು ಎಂದು ಅಪ್ಪನೇ ಹೇಳಿ ಹೋಗಿದ್ದ.

ಗಂಟೆ ಮೂರು. ನಾಲ್ಕಕ್ಕೆ ಅಮ್ಮ ಬರುತ್ತಾಳೆ. ಆಟಕ್ಕೆ ಮೊದಲು, ಊರೆಲ್ಲ ನೋಡುತ್ತಿರುವಾಗ, ಮೂರನೇ ಬೇಸಿನ ಮಣ್ಣಿಗೆ ಆ ಡಬ್ಬಿ ಬರಿದು ಮಾಡಬೇಕಾದವಳು ಅವಳು. ಹೆಣ್ಣುಮಕ್ಕಳಿಬ್ಬರಿಗೂ ಅದನ್ನು ಮುಟ್ಟಗೊಟ್ಟಿರಲಿಲ್ಲ. ಜೋಪಾನವಾಗಿ ಒಯ್ದಿಡು, ಸುರಿಯುವುದು ನನ್ನ ಕೈ ಎಂದು ಲೋವೆಲ್‌ಗೆ ಎರಡು ಸಲ ಹೇಳಿದ್ದಳು. ಅರವತ್ತಾರು ವರ್ಷದ ಲೋವೆಲ್‌ಗೆ ಈ ಲೋಕದಲ್ಲಿ ಹೆದರಿಕೆ ಎಂದು ಇದ್ದರೆ ಆಲಿಕಲ್ಲು ಮಳೆಯದು, ಬಿಟ್ಟರೆ ಅಮ್ಮನದು.

ಅಪ್ಪ ಹಾಲ್ವರ್ ಟ್ವೆಟ್ ತೊಂಬತ್ತೊಂದು ವರ್ಷ ಬದುಕಿದ. ಹದಿನೇಳಕ್ಕೆ ಊರ ತಂಡ ಸೇರಿ ಇಪ್ಪತ್ತಾರು ವರ್ಷ ಮೂರನೇ ಬೇಸ್ ಕಾದ. ಮಂಡಿ ಹೋದ ಮೇಲೆ ನಲವತ್ತು ವರ್ಷ ಅದೇ ಬಯಲಿನ ಹುಲ್ಲು ಕತ್ತರಿಸಿ ಗೆರೆ ಎಳೆದ. ಆಟದ ವಿವರಣೆ ಕಿವಿಗೆ ಬೀಳದಿದ್ದರೆ ಹಸುಗಳು ಹಾಲಿಳಿಸುವುದಿಲ್ಲ ಎಂದು ವಾದಿಸಿ ಕೊಟ್ಟಿಗೆಯಲ್ಲಿ ರೇಡಿಯೋ ತೂಗುಹಾಕಿದ್ದ. ಕಿರಿಮಗಳು ಕಾಲು ಮುರಿದುಕೊಂಡ ಬೇಸಿಗೆಯಲ್ಲಿ ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿ ತಂದು ಗೆರೆಯ ಪಕ್ಕದಲ್ಲೇ ಇರಿಸಿಕೊಂಡಿದ್ದ. ಅವಳತ್ತ ನುಗ್ಗಿದ ಚೆಂಡಿಗೆ ಅಡ್ಡ ಬಿದ್ದು ಎರಡು ಹಲ್ಲು ಕಳೆದುಕೊಂಡ. ಆಮೇಲೆ ನಗುವಾಗೆಲ್ಲ ಆ ಕಿಂಡಿಯನ್ನು ಮಗಳಿಗೆ ತೋರಿಸಿಯೇ ನಗುತ್ತಿದ್ದ. ಆಟದ ಮೇಲೆ ಅಮ್ಮನಿಗೆ ದ್ವೇಷವಿರಲಿಲ್ಲ. ಅವಳ ಜಗಳವೆಲ್ಲ ಸುಣ್ಣದ ಜೊತೆ. ಭಾನುವಾರ ಸಂಜೆ ಅವನ ಪ್ಯಾಂಟನ್ನು ಹಿತ್ತಿಲ ಮೆಟ್ಟಿಲ ಮೇಲೆ ಒದರಿ ಒದರಿ, ಮನೆಯೊಳಗೆ ಬೇಸ್‌ಬಾಲ್ ತರಬೇಡ ಎಂದು ಬಯ್ಯುವುದು ಅಷ್ಟು ವರ್ಷವೂ ತಪ್ಪಿರಲಿಲ್ಲ.

ಈಗ ಡಕೋಟಾದ ಗಾಳಿ ಜೋಳದ ಹೊಲದ ಕಡೆಯಿಂದ ಏಳುತ್ತಿತ್ತು. ಪ್ರತಿ ಬೀಸಿಗೂ ಗೆರೆಯ ಅಂಚಿನಿಂದ ಒಂದಿಷ್ಟು ಏಳುವುದನ್ನು ಲೋವೆಲ್ ಉಸಿರು ಹಿಡಿದು ನೋಡುತ್ತಿದ್ದ.

ಅಷ್ಟರಲ್ಲಿ ಎವರೆಟ್ ಬಂದ. ಅಪ್ಪನ ಕಾಲದ ಕ್ಯಾಚರ್, ಎಂಬತ್ತನಾಲ್ಕರಲ್ಲೂ ನಾಲಿಗೆ ಚುರುಕು. ಗೆರೆ ನೋಡಿ ತಲೆಯಾಡಿಸಿದ. ಹಾಲ್ವರ್ ಸತ್ತು ಇನ್ನೂ ಎರಡು ವಾರ ಆಗಿಲ್ಲ, ಆಗಲೇ ಬಯಲಿಗೆ ಈ ಗತಿಯೇ ಎಂದು ಛೇಡಿಸಿ, ಪೈಪಿನಿಂದ ತೊಳೆದು ಹೊಸದಾಗಿ ಎಳೆಯೋಣವೆಂದು ನಲ್ಲಿಯತ್ತ ಹೆಜ್ಜೆ ಹಾಕಿಯೇಬಿಟ್ಟ.

"ಬೇಡ!"

ಅಂಥ ಕೂಗನ್ನು ಎವರೆಟ್ ಅವನ ಬಾಯಲ್ಲಿ ಕೇಳಿದ್ದೇ ಇಲ್ಲ. ತಿರುಗಿದ. ಲೋವೆಲ್ ಅಂಗೈ ಬಿಚ್ಚಿದ. ಅಂಥದೇ ಬಿಲ್ಲೆಯೊಂದು, ತೀರಿಕೊಂಡ ಹೆಂಡತಿಯದು, ಎವರೆಟ್‌ನ ಬೀಗದ ಕೈ ಗೊಂಚಲಿನಲ್ಲೇ ಇತ್ತು. ಅವನು ಟೋಪಿ ತೆಗೆದ.

"ಎಷ್ಟು ಹೋಯ್ತು?"

"ಹೆಚ್ಚುಕಮ್ಮಿ ಪೂರ್ತಿ."

ಎವರೆಟ್ ದನಿ ತಗ್ಗಿಸಿ, ನಿಮ್ಮಮ್ಮ ಆರ್ಡಿಸ್‌ಗೆ ಕಣ್ಣು ಮಂಜು, ಡಬ್ಬಿಗೆ ಸುಣ್ಣ ತುಂಬಿ ಕೈಗೆ ಕೊಡು, ಈ ವಯಸ್ಸಿನಲ್ಲಿ ಇದನ್ನು ಕೇಳಿ ಅವಳಿಗೆ ಏನಾದರೂ ಆದರೆ ಏನು ಮಾಡುತ್ತೀ ಎಂದ. ಆ ಕೊನೆಯ ಮಾತು ಲೋವೆಲ್‌ನನ್ನು ಶೆಡ್ಡಿಗೆ ನಡೆಸಿತು. ಅಟ್ಟದ ಮೇಲೆ ಉಳಿದಿದ್ದ ಡಬ್ಬಿಯ ಸುಣ್ಣವನ್ನು ಬರಿದಾದ ಡಬ್ಬಿಗೆ ಸುರಿದ.

ಅಮ್ಮ ಇಪ್ಪತ್ತು ನಿಮಿಷ ಮೊದಲೇ ಬಂದಳು. ಚರ್ಚಿಗೆ ಉಡುವ ನೀಲಿ ಉಡುಪು ಉಟ್ಟಿದ್ದಳು. ಕಟ್ಟೆಯ ಮೇಲೆ ಕಾಫಿ, ಹ್ಯಾಮ್ ತುಂಬಿದ ಬನ್ನು ಜೋಡಿಸುತ್ತಿದ್ದ ಹೆಂಗಸರ ಕಡೆ ತಿರುಗಿಯೂ ನೋಡದೆ ನೇರ ಮೂರನೇ ಬೇಸಿಗೆ ನಡೆದು ಕೈ ಚಾಚಿದಳು. ಲೋವೆಲ್ ಡಬ್ಬಿ ಕೊಟ್ಟ.

ಅವಳು ಸುರಿಯಲಿಲ್ಲ. ಮುಚ್ಚಳ ತೆಗೆದು ಎರಡು ಬೆರಳು ಇಳಿಸಿ, ಹೆಬ್ಬೆರಳಿನಿಂದ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು.

"ಇದು ಸುಣ್ಣ," ಎಂದಳು. "ನಿಮ್ಮಪ್ಪ ಎಲ್ಲಿ?"

ಲೋವೆಲ್ ಗೆರೆಯತ್ತ ಬೆರಳು ಮಾಡಿ ತೋರಿಸಿದ. ಆಮೇಲೆ ಎಲ್ಲ ಹೇಳಿದ: ಚೀಲ ಮುಗಿದದ್ದು, ಅಟ್ಟ, ಡಬ್ಬಿ, ಬಿಲ್ಲೆ, ಕೊನೆಗೆ ಈಗ ತುಂಬಿದ ಸುಣ್ಣದ ಸುಳ್ಳು. ಅಮ್ಮ ಕೇಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

"ನನ್ನ ಕೈಯಿಂದ ಆಗಬೇಕಿತ್ತು," ಎಂದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬಯ್ಯಲಿಲ್ಲ.

ಗೆರೆಯ ಪಕ್ಕದಲ್ಲೇ ಅವಳು ನಡೆಯತೊಡಗಿದಳು. ಬೂದುಬಣ್ಣ ಶುರುವಾದಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋದಳು. ಗಾಡಿಯ ಹತ್ತಿರ ಬಂದು, ಮುಂದಿನ ಬರಿಯ ಹುಲ್ಲನ್ನೂ ಕಂಬವನ್ನೂ ನೋಡಿದಳು.

"ಇದರಲ್ಲಿ ಇನ್ನೂ ಇದೆಯಾ?"

"ತಳದಲ್ಲಿ ಒಂದಿಷ್ಟು ಇದೆಯಮ್ಮ."

ನಲವತ್ತು ವರ್ಷ ಹಿತ್ತಿಲಿಗೂ ಸೇರಿಸದಿದ್ದ ಗಾಡಿಯ ಹಿಡಿಗೆ ಅವಳು ಎರಡೂ ಕೈ ಹಾಕಿದಳು. ಲೋವೆಲ್ ಹಿಡಿಯಲು ಮುಂದಾದ. ಮೊಣಕೈಯಿಂದ ಅವನನ್ನು ಸರಿಸಿದಳು. ಬಿದ್ದುಬಿಟ್ಟಾಳೆಂದು ಹೆದರಿ ಒಂದೊಂದು ಹೆಜ್ಜೆಗೂ ಜೊತೆಯಲ್ಲೇ ಹೋದ. ಇಪ್ಪತ್ತು ಅಡಿ ದಾಟಲು ಎಷ್ಟು ಹೊತ್ತಾಯಿತೋ, ಆಟಗಾರರೆಲ್ಲ ಬಂದು ಟೋಪಿ ತೆಗೆದು ನಿಂತಿದ್ದರು. ಕಂಬ ಮುಟ್ಟುವಾಗ ಗೆರೆ ಎರಡು ಕಡೆ ಸೊಟ್ಟಗಾಗಿತ್ತು.

ಎವರೆಟ್ ಹತ್ತಿರ ಬಂದ. "ಹಾಲ್ವರ್ ನೋಡಿದ್ರೆ ಇದನ್ನ ಅಳಿಸಿ ಮತ್ತೆ ಎಳೀತಿದ್ದ, ಆರ್ಡಿಸ್."

"ಎದ್ದು ಬಂದು ಎಳೀಲಿ," ಎಂದಳು ಅಮ್ಮ.

ಆಟ ಶುರುವಾಯಿತು. ಗೆರೆ ತುಳಿದರೆ ಸೋಲು ಎಂಬ ನಂಬಿಕೆ ಎಲ್ಲ ಬಯಲಿನಲ್ಲೂ ಇರುವುದೇ. ಆಟಗಾರರು ಅಭ್ಯಾಸದಂತೆ ಅದನ್ನು ಹಾರಿಯೇ ಒಳಗೆ ಹೋದರು. ಲೋವೆಲ್ ಅಮ್ಮನ ಪಕ್ಕದಲ್ಲಿ ಕೂತ, ಇನ್ನೂ ಭಯ ಇಳಿಯದೆ, ಮನೆಗೆ ಹೋದ ಮೇಲೆ ಏನು ಹೇಳುತ್ತಾಳೋ ಎಂದು ಓರೆಗಣ್ಣಲ್ಲಿ ಅವಳನ್ನೇ ನೋಡುತ್ತ. ಅವಳ ನೀಲಿ ಉಡುಪಿನ ಅಂಚಿಗೆ ಬೂದುಬಣ್ಣ ಹತ್ತಿತ್ತು. ಅದು ಅವಳಿಗೂ ಕಂಡಿತು. ಒದರಲು ಕೈ ಕೆಳಗೆ ಹೋಯಿತು, ಅರ್ಧಕ್ಕೇ ನಿಂತಿತು, ಹಾಗೇ ಮಡಿಲಿಗೆ ಮರಳಿತು.