ಅಭಯಹಸ್ತದ ಅಳತೆ

"ನಮ್ಮಲ್ಲಿಗೆ ಬಂದಾಗ್ಲೇ ಇವಳ ಕೈ ಹಿಂಗಿತ್ತು ಸಾರ್. ಎಲ್ಲಿ ಬಾಗಿಲ ಸಂದಿಗೆ ಕೊಟ್ಟು ಕುಯ್ಯಿಸ್ಕೊಂಡಿದ್ಲೋ ಮುಂಡೇದು. ಪಾಪ ಅಂತ ಕಸ ಗುಡಿಸೋಕೆ ಇಟ್ಕೊಂಡೆ. ಈಗ ನೋಡಿ, ಹಾವಿಗೆ ಹಾಲೆರೆದಂಗಾಯ್ತು."

ಯಜಮಾನ ಇಷ್ಟನ್ನೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹೇಳಿ ಮುಗಿಸಿದ. ಕಾರ್ಮಿಕರ ಕಚೇರಿಯಿಂದ ಬಂದಿದ್ದ ಅಧಿಕಾರಿ ತಲೆಯಾಡಿಸುತ್ತ ಬರೆದುಕೊಂಡ. ಮೂರು ಮಾರು ದೂರದಲ್ಲಿ ಮೇಣದಕ್ಕ ಪೊರಕೆ ಹಿಡಿದು ನಿಂತಿದ್ದಳು. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನಾಲ್ಕು ವರ್ಷ ಆ ಕಾರ್ಖಾನೆಯಲ್ಲಿ ಮೇಣದಿಂದ ದೇವರುಗಳ ಕೈಕಾಲು ತಿದ್ದಿದ್ದಕ್ಕೆ ಬಂದ ಹೆಸರು. ಅವಳು ತಿದ್ದಿದ ಮೇಣದ ಮೂರ್ತಿಗೆ ಮಣ್ಣು ಮೆತ್ತಿ ಸುಡುತ್ತಿದ್ದರು. ಮೇಣ ಕರಗಿ ಇಳಿದು ಹೋದ ಜಾಗಕ್ಕೆ ಕಾದ ಹಿತ್ತಾಳೆ ಹುಯ್ಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳಿಗೆ ಯಾವ ಹೆಸರೂ ಇರಲಿಲ್ಲ.

ಈಗ ಅವಳ ಬಲಗೈಯಲ್ಲಿ ನಡುಬೆರಳಿಲ್ಲ, ಉಂಗುರಬೆರಳಿಲ್ಲ. ಎಂಟು ತಿಂಗಳ ಹಿಂದೆ ಆರ್ಡರಿನ ಅವಸರ ಎಂದು ಅವಳನ್ನು ಮೇಣದ ಮುಂದಿನಿಂದ ಎಬ್ಬಿಸಿ ಪಾಲಿಶ್ ಚಕ್ರಕ್ಕೆ ಕೂರಿಸಿದ್ದರು. ಚಕ್ರದ ಕವಚವನ್ನು ಯಜಮಾನ ಎಂದೋ ಬಿಚ್ಚಿಸಿದ್ದ. ಅದಿದ್ದರೆ ಕೆಲಸ ಓಡುವುದಿಲ್ಲವಂತೆ. ಮೂರ್ತಿಯ ಕಿರೀಟ ಚಕ್ರಕ್ಕೆ ಸಿಕ್ಕಿತು, ಅದರ ಹಿಂದೆಯೇ ಅವಳ ಕೈ ಹೋಯಿತು. ಓಡಿ ಬಂದ ಯಜಮಾನ ಮೊದಲು ಕಿರೀಟ ಎತ್ತಿ ನೋಡಿದ. ಆಮೇಲೆ ಅವಳನ್ನು ತನಗೆ ಬೇಕಾದ ಕಾಂಪೌಂಡರನ ಹತ್ತಿರ ಕರೆದುಕೊಂಡು ಹೋಗಿ, ಚೀಟಿ ಗೀಟಿ ಏನೂ ಇಲ್ಲದೆ ಹೊಲಿಗೆ ಹಾಕಿಸಿ ತಂದ.

ಗಾಯ ಮಾಗಿದ ಮೇಲೆ ಅವಳು ತನ್ನ ಹಳೇ ಜಾಗದಲ್ಲಿ ಕೂರಲು ಹೋದಳು. ಮೂರು ಬೆರಳಲ್ಲೂ ಮೇಣ ತಿದ್ದಬಲ್ಲೆ, ಒಂದು ವಾರ ನೋಡಿ ಎಂದು ಕೇಳಿಕೊಂಡಳು.

"ಭಿನ್ನ ಆದ ವಿಗ್ರಹ ಪೂಜೆಗೆ ಬರಲ್ಲ, ಭಿನ್ನ ಆದ ಕೈ ಮೇಣಕ್ಕೆ ಬರಲ್ಲ. ಪೊರಕೆ ಹಿಡಿ" ಎಂದ ಯಜಮಾನ.

ಹಿಡಿದಳು. ಹೊಟ್ಟೆಯ ಮುಂದೆ ಯಾರ ಪೌರುಷ ನಡೆಯುತ್ತದೆ? ಆದರೆ ಹೋದ ತಿಂಗಳು ಅದೇ ಚಕ್ರದ ಮುಂದೆ ಅವಳ ನಾದಿನಿಯನ್ನು ಕೂರಿಸಿದರು. ಲಂಗದ ವಯಸ್ಸಿನಿಂದ ಮೇಣದಕ್ಕನೇ ತಲೆಬಾಚಿ ಬೆಳೆಸಿದ ಹುಡುಗಿ. ಚಕ್ರ ಗುಂಯ್ಗುಟ್ಟಿದಾಗಲೆಲ್ಲ ಮೇಣದಕ್ಕನಿಗೆ ಇಲ್ಲದ ಬೆರಳುಗಳು ಜುಮ್ಮೆನ್ನುತ್ತಿದ್ದವು. ಒಂದು ದಿನ ತಡೆಯಲಾರದೆ ಕಚೇರಿಗೆ ಹೋಗಿ ಅರ್ಜಿ ಕೊಟ್ಟುಬಂದಳು. ಕೈ ಕಾರ್ಖಾನೆಯಲ್ಲೇ ಕುಯ್ದುಹೋದದ್ದು ಎಂದು ಬರೆದುಕೊಳ್ಳಲಿ, ಚಕ್ರಕ್ಕೆ ಕವಚ ಬೀಳಲಿ, ಇಷ್ಟೇ ಅವಳು ಕೇಳಿದ್ದು.

ಕವಚವೇನೋ ಬಿದ್ದಿತ್ತು, ಇವತ್ತು ಬೆಳಿಗ್ಗೆ. ಅದಕ್ಕೆ ಹಚ್ಚಿದ ಬಣ್ಣ ಇನ್ನೂ ಆರಿರಲಿಲ್ಲ. ಅಧಿಕಾರಿ ಅದನ್ನು ನೋಡಿ ಸರಿಯಾಗೇ ಇದೆಯಲ್ಲ ಎಂದ. ನಾದಿನಿಯನ್ನು ಕೇಳಲು ಹೋದರೆ ಯಜಮಾನ ನಡುವೆ ಬಂದು ನಿಂತ. ಕುಲುಮೆ ಕಾಯುವ ಮುದುಕನನ್ನು ಕೇಳಿದಾಗ ಅವನು ನೆಲ ನೋಡುತ್ತ, ತಾನು ಬೆಂಕಿ ಮುಂದೆ ಇರುವವನು, ಇತ್ತ ಏನೂ ಕಾಣುವುದಿಲ್ಲ ಎಂದ. ಮೇಣದಕ್ಕ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಅವತ್ತು ಅವಳ ಕೈಗೆ ಬಟ್ಟೆ ಸುತ್ತಿದವನೂ ಅವನೇ.

ಬಿಸಿಲಿದೆ, ಅಂಗಡಿಯಲ್ಲಿ ಕೂತು ಬರೆಯೋಣ ಎಂದು ಯಜಮಾನ ಅಧಿಕಾರಿಯನ್ನು ಮುಂದಿನ ಕೋಣೆಗೆ ಕರೆದೊಯ್ದ. ಅಲ್ಲಿ ಫ್ಯಾನು, ಮೆತ್ತನೆ ಕುರ್ಚಿ, ಗೋಡೆಯುದ್ದಕ್ಕೂ ಮಿರಮಿರ ಮಿಂಚುವ ದೇವರುಗಳು. ನಡುವೆ ಪೀಠದ ಮೇಲೆ ಆಳಿನಷ್ಟೇ ಗಾತ್ರದ ದೇವಿ ಕೂತಿದ್ದಳು, ಬಲಗೈ ಎತ್ತಿ. ಅದು ಮಾರುವ ಮೂರ್ತಿಯಲ್ಲ, ದಿನಾ ಪೂಜೆಯಾಗುವ ಮೂರ್ತಿ. ಒಮ್ಮೆ ಕಣ್ಣು ಕೊರೆದು ಪೂಜಾರಿ ನೀರು ಚಿಮುಕಿಸಿದನೆಂದರೆ, ಮಾಡಿದವರು ಮತ್ತೆ ಮುಟ್ಟುವ ಹಾಗಿಲ್ಲ, ಈ ಹೊಸ್ತಿಲು ದಾಟುವ ಹಾಗೂ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಇಲ್ಲೂ ಸುಳ್ಳಾಗಿರಲಿಲ್ಲ. ಕೈ ಇವರದು, ಬಾಯಿ ಯಜಮಾನನದು, ಅಷ್ಟೇ ವ್ಯತ್ಯಾಸ.

ಮೇಣದಕ್ಕ ಹೊಸ್ತಿಲಾಚೆ ನಿಂತಳು. ಯಜಮಾನ ಒಂದು ಪುಟ್ಟ ಮೂರ್ತಿ ಎತ್ತಿ ಅಧಿಕಾರಿಯ ಎಡಗೈಗೆ ಇಟ್ಟ. ಮನೆಗೆ ಇರಲಿ, ಆದರೆ ನಾರು ಹಾಕಿ ಉಜ್ಜಬೇಡಿ, ಹುಣಸೆಹಣ್ಣಿನ ನೀರಲ್ಲಿ ಮೃದುವಾಗಿ ತೊಳೆದು ತಕ್ಷಣ ಒಣಬಟ್ಟೆಯಲ್ಲಿ ಒರೆಸಿ, ಹಿತ್ತಾಳೆ ಬಲು ಸೂಕ್ಷ್ಮ, ಒಂದು ಗೀರು ಬಿದ್ದರೂ ಜೀವ ಚುರುಕ್ಕೆನ್ನುತ್ತದೆ ಎಂದ. ನಿಜವಾಗಿಯೂ ಅವನ ಮುಖದಲ್ಲಿ ಮರುಕವಿತ್ತು. ಅಧಿಕಾರಿ ದೊಡ್ಡ ದೇವಿಯ ಕೈಯನ್ನೇ ನೋಡುತ್ತ, ಜೀವ ಇರುವ ಹಾಗಿದೆ ಎಂದು ಮೆಚ್ಚಿಕೊಂಡ.

"ಅಭಯಹಸ್ತ ಸಾರ್, ಹೆದರಬೇಡ ನಾನಿದ್ದೀನಿ ಅಂತ. ನಾಲ್ಕು ವರ್ಷ ಆಯ್ತು ಇಲ್ಲೇ ಮಾಡಿಸಿ. ಆ ಕಿರುಬೆರಳು ನೋಡಿ, ಒಂಚೂರು ಬಾಗಿದೆ. ತಾಯಿ ಕರುಣೆಯಿಂದ ಭಕ್ತನ ಕಡೆ ಬಾಗಿದ್ದಾಳೆ. ಹೆಬ್ಬೆರಳ ಬುಡದಲ್ಲಿ ಕಮಲದ ಎಸಳಿದೆ, ನೋಡಿ."

ಮೇಣದಕ್ಕನೂ ನೋಡಿದಳು. ನಾಲ್ಕು ವರ್ಷದ ಹಿಂದೆ, ಎಷ್ಟು ತಿದ್ದಿದರೂ ಆ ಕೈ ಸತ್ತ ಕೈಯಾಗೇ ಇತ್ತು. ಕೊನೆಗೆ ಕುಲುಮೆಯ ಮಾವ ಅವಳ ಬಲಗೈಗೆ ಎಣ್ಣೆ ಹಚ್ಚಿ, ನುಣ್ಣನೆ ಮಣ್ಣಿನಲ್ಲಿ ಅಂಗೈ ಒಮ್ಮೆ, ಹಿಂಗೈ ಒಮ್ಮೆ ಒತ್ತಿಸಿ, ಆ ಅಚ್ಚಿಗೆ ಮೇಣ ಹುಯ್ದಿದ್ದ. ಶಾಸ್ತ್ರದ ಅಳತೆ ತಪ್ಪಿತು, ಯಾರಿಗೂ ಹೇಳಬೇಡ ಎಂದು ಇಬ್ಬರೂ ಕಿಸಿಕಿಸಿ ನಕ್ಕಿದ್ದರು.

"ಏಯ್, ಒತ್ತೇ ಹೆಬ್ಬೆಟ್ಟು" ಎಂದು ಯಜಮಾನ ಶಾಯಿ ಡಬ್ಬಿಯನ್ನು ಹೊಸ್ತಿಲಾಚೆ ಎಸೆದ. ಕೆಲಸಕ್ಕೆ ಬರುವಾಗಲೇ ಅವಳಿಗೆ ಎರಡು ಬೆರಳಿರಲಿಲ್ಲ ಎಂದು ಬರೆದ ಕಾಗದ ಅಧಿಕಾರಿಯ ಬಲಗೈಯಲ್ಲಿತ್ತು. ಒತ್ತಿದರೆ ಚಕ್ರ ನಿರಪರಾಧಿ, ನಾಳೆ ಕವಚ ಮತ್ತೆ ಮೂಲೆಗೆ. ಒತ್ತದಿದ್ದರೆ ಅವಳು, ನಾದಿನಿ ಇಬ್ಬರೂ ಬೀದಿಗೆ. ಅವಳು ಎಡಗೈ ಹೆಬ್ಬೆಟ್ಟಿಗೆ ಶಾಯಿ ಮೆತ್ತಿಕೊಂಡಳು. ಒಳಗಿನಿಂದ ಚಕ್ರದ ಸದ್ದು ಬರುತ್ತಿತ್ತು. ಹೊಸ್ತಿಲು ದಾಟಿದಳು.

"ಏಯ್, ಮೈಲಿಗೆ! ಹೊರಗೆ ನಿಲ್ಲೇ" ಎಂದು ಮೂಲೆಯಲ್ಲಿದ್ದ ಪೂಜಾರಿ ಚೆಂಬು ಹಿಡಿದು ಎದ್ದ. ಯಜಮಾನ, "ಬೋಳಿಮಗಳೇ, ಕಾಲು ಮುರೀತೀನಿ" ಎನ್ನುವಷ್ಟರಲ್ಲಿ ಅವಳು ದೇವಿಯ ಮಂಡಿಗೆ ಎಡಗೈ ಊರಿ ಪೀಠ ಹತ್ತಿಯಾಗಿತ್ತು. ಎಲ್ಲರ ಕಡೆ ತಿರುಗಿ ನಿಂತು, ದೇವಿಯ ಎತ್ತಿದ ಕೈಯ ಪಕ್ಕಕ್ಕೇ ತನ್ನ ಬಲಗೈ ಎತ್ತಿ ಹಿಡಿದಳು.

"ಈ ಕಿರುಬೆರಳು ಕರುಣೆಯಿಂದ ಬಾಗಿದ್ದಲ್ಲ ಸಾರ್. ಏಳು ವರ್ಷದವಳಿದ್ದಾಗ ಗುಂಡುಕಲ್ಲು ಬಿದ್ದು ಬಾಗಿದ್ದು. ಇದು ಕಮಲ ಅಲ್ಲ, ಬಿಸಿ ಮೇಣ ಸಿಡಿದು ಸುಟ್ಟಿದ್ದು. ಎರಡೂ ಕೈ ನೋಡಿ. ನೂಲು ಹಿಡಿದು ಅಳೀರಿ. ಹಿತ್ತಾಳೆ ಆರೋವಾಗ ಕೂದಲೆಳೆಯಷ್ಟು ಕುಗ್ಗುತ್ತೆ, ಅಷ್ಟು ಬಿಟ್ರೆ ಸರಿ ಬರುತ್ತೆ. ನಾಲ್ಕು ವರ್ಷದ ಹಿಂದೆ ಐದು ಬೆರಳಿದ್ವು, ಅವರೇ ಹೇಳಿದ್ರು. ಈಗ ಎರಡು ಎಲ್ಲಿ ಹೋದ್ವು ಅಂತ ಅವರನ್ನೇ ಕೇಳಿ."

ಅಧಿಕಾರಿ ಕುರ್ಚಿಯಿಂದ ಎದ್ದು ಹತ್ತಿರ ಬಂದ. ಹಿತ್ತಾಳೆಯ ಬಾಗಿದ ಕಿರುಬೆರಳು ನೋಡಿದ, ಅವಳದು ನೋಡಿದ. ಹೆಬ್ಬೆರಳ ಬುಡದ ಸುಟ್ಟ ಗುರುತು ನೋಡಿದ. ಆಮೇಲೆ ಎರಡು ಮೊಂಡು ಗೆಣ್ಣುಗಳನ್ನು ನೋಡಿದ.

"ಅಳೀಬೇಡಿ ಸಾರ್" ಎಂದ ಯಜಮಾನ, ಮೆಲ್ಲಗೆ. "ಎಳೀರೋ ಅವಳನ್ನ ಕೆಳಗೆ" ಎಂದು ಒಳಗಿನವರಿಗೆ ಕೂಗಿದ.

ಒಳಗೆ ಚಕ್ರ ನಿಧಾನವಾಗಿ ನಿಂತಿತು. ನಾದಿನಿ ಬಾಗಿಲಿಗೆ ಬಂದಳು, ಹಿಂದೆ ಕುಲುಮೆಯ ಮಾವ. ಎಳೆಯಲು ಯಾರೂ ಬರಲಿಲ್ಲ. ಮಾವ ಚಪ್ಪಲಿ ಬಿಚ್ಚಿ ಹೊಸ್ತಿಲು ದಾಟಿ, ಕೊರಳಲ್ಲಿದ್ದ ಅಳತೆಯ ನೂಲು ತೆಗೆದು ಅಧಿಕಾರಿಯ ಮುಂದೆ ಚಾಚಿದ.

"ಅಚ್ಚು ತೆಗ್ದವನು ನಾನೇ" ಎಂದ. "ಬಟ್ಟೆ ಸುತ್ತಿದವನೂ ನಾನೇ."

ನೂಲು ಅವನ ಕೈಯಲ್ಲಿ ತೂಗಾಡುತ್ತಿತ್ತು. ಅದನ್ನು ಹಿಡಿಯಲು ಅಧಿಕಾರಿಗೆ ಒಂದು ಕೈಯಾದರೂ ಖಾಲಿ ಬೇಕಿತ್ತು. ಬಲಗೈಯಲ್ಲಿ ಕಾಗದ, ಎಡಗೈಯಲ್ಲಿ ಪುಟ್ಟ ಮೂರ್ತಿ. ಅವನು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಮೇಣದಕ್ಕ ಎತ್ತಿದ ಕೈ ಇಳಿಸಲಿಲ್ಲ.