ಇಳಿಯದ ನೀರು

"ನೀರು ಎಷ್ಟು ದಿನಕ್ಕೊಂದ್ಸಲ ಹಾಕ್ತಿದ್ದೆ?" ಮೇಸ್ತ್ರಿ ಕೇಳಿದ.

"ಹಾಕೇ ಇಲ್ಲ. ಇಳಿದ್ರೆ ತಾನೆ ಹಾಕೋದು?"

"ಲೋ ಹೀರೋ, ನನ್ ಮುಂದೆ ಡೈಲಾಗ್ ಬೇಡ. ಬಾ ಇಲ್ಲಿ."

ಹೀರೋ ಬಂದು ಬಗ್ಗಿದ. ಆನೆಯ ಹೊಟ್ಟೆ ತೆರೆದಿತ್ತು. ನಾಲ್ವರು ಮಾಲೀಕರನ್ನು ಕಂಡು ಅವನ ಕೈಗೆ ಬಂದ ಆ ಹಳೇ ಕಪ್ಪು ಎಸ್‌ಯುವಿಗೆ ಗಲ್ಲಿಯವರು ಇಟ್ಟ ಹೆಸರು ಆನೆ. ಮೊದಮೊದಲು ಅದರ ಗಾತ್ರಕ್ಕೆ, ಆಮೇಲೆ ಅದು ಮೇಯುತ್ತಿದ್ದ ದುಡ್ಡಿಗೆ. ಕೊಂಡ ದಿನ ಅವನು ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಮೊಣಕೈ ಹೊರಗಿಟ್ಟು, ನಡೆದುಹೋದರೂ ಮುಗಿಯುವ ಗಲ್ಲಿಯೊಳಗೆ ಮೆಲ್ಲಗೆ ಎಂಟ್ರಿ ಕೊಟ್ಟಿದ್ದ. ಹೀರೋ ಅನ್ನುವ ಹೆಸರು ಅವತ್ತೇ ಅಂಟಿತು. ಹಿನ್ನೆಲೆ ಸಂಗೀತವನ್ನು ಹಿಂದಿನ ಚಕ್ರದ ಬೇರಿಂಗ್ ಒದಗಿಸಿತ್ತು.

ಇಂಜಿನ್ನಿನ ಮೇಲ್ಭಾಗ, ಹೆಡ್ಡು ಅನ್ನುವ ಭಾರದ ಲೋಹದ ಗಟ್ಟಿ, ಬೆಂಚಿನ ಮೇಲೆ ಬೋರಲು ಬಿದ್ದಿತ್ತು. ಅದರಲ್ಲಿದ್ದ ಕೂದಲೆಳೆಯಂಥ ಬಿರುಕಿನ ಮೇಲೆ ಮೇಸ್ತ್ರಿ ಉಗುರು ಓಡಿಸಿದ. ಆಮೇಲೆ ಗಾಡಿಯೊಳಗಿನ ಪಿಸ್ಟನ್ನುಗಳ ಕಡೆ ಬೆರಳು ಮಾಡಿದ. ಮೂರು ಮಸಿ ಬಳಿದುಕೊಂಡಿದ್ದವು. ಒಂದು ಮಾತ್ರ ತಿಕ್ಕಿ ತೊಳೆದ ಪಾತ್ರೆಯ ಹಾಗೆ ಫಳಫಳ.

"ಮೂರು ಒಲೆ ಊದ್ತಾ ಕೂತಿವೆ, ಇದೊಂದು ಮದುಮಗ. ಯಾಕೆ ಹೇಳು? ನೀರು ಒಳಗೆ ಸೋರಿ, ಆವಿಯಾಗಿ, ದಿನಾ ತೊಳೀತಾ ಇದೆ. ತಿಂಗಳುಗಟ್ಟಲೆ ತೊಳೆದಿದೆ. ಅಷ್ಟು ಕುಡಿದ ಮೇಲೆ ನೀರಿನ ಡಬ್ಬಿ ಖಾಲಿ ಆಗ್ಲೇಬೇಕು. ಆಗಿಲ್ಲ ಅಂತೀಯ. ದೇವ್ರೇ ಇಳಿದು ಬಂದು ತುಂಬಿಸ್ತಿದ್ನಾ?"

"ಆಣೆ ಮಾಡಿ ಹೇಳ್ತೀನಿ ಅಣ್ಣ. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದೀನಿ. ಗೆರೆ ಮುಟ್ಟಿ ನಿಂತಿರ್ತಿತ್ತು."

ಈ ಮಾತನ್ನೇ ಅವನು ಬೇಸಿಗೆಯ ಶುರುವಿನಿಂದ ಹೇಳುತ್ತ ಬಂದಿದ್ದ. ಇಂಜಿನ್ ಕಾಯುತ್ತೆ, ಮೀಟರಿನ ಮುಳ್ಳು ಕೆಂಪಿಗೆ ಹೋಗುತ್ತೆ, ಆದರೆ ನೀರು ಇಳಿಯಲ್ಲ. ನೀರು ಇಳಿಯದಿದ್ದರೆ ಹೆಡ್ಡಿನಲ್ಲಿ ಸೋರಿಕೆ ಇಲ್ಲ. ಯಾವ ಮೇಸ್ತ್ರಿಯ ಲೆಕ್ಕವೂ ಅದೇ. ಹಾಗಾಗಿ ಮೊದಲು ಥರ್ಮೋಸ್ಟಾಟ್ ಬದಲಾಯಿತು. ಆಮೇಲೆ ಫ್ಯಾನು. ಆಮೇಲೆ ನೀರಿನ ಪಂಪು. ಕೊನೆಗೆ ರೇಡಿಯೇಟರೇ ಹೊಸದು ಬಂತು, ಅದರ ಬದಲಿಗೆ ಹೆಂಡತಿಯ ಬಳೆ ಹೋಯಿತು. ಮೊದಲ ತಿಂಗಳೇ ಹೆಡ್ಡು ಬಿಚ್ಚಿ ಅದರಡಿಯ ತೆಳ್ಳನೆ ಗ್ಯಾಸ್ಕೆಟ್ ಒಂದನ್ನು ಬದಲಾಯಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಈಗ ಏನೂ ಮಾಡೋ ಹಾಗಿಲ್ಲ," ಎಂದ ಮೇಸ್ತ್ರಿ. "ಹೆಡ್ಡು ಸತ್ತಿದೆ. ಕೆಳಗಿನ ಬ್ಲಾಕೂ ಸೊಟ್ಟ. ಇದಕ್ಕೆ ಹಾಕೋ ದುಡ್ಡಲ್ಲಿ ಇಂಥದ್ದೇ ಇನ್ನೊಂದು ಆನೆ ಬರುತ್ತೆ."

"ಸೋಮವಾರಕ್ಕೆ ಓಡೋ ಹಾಗೆ ಮಾಡಿಕೊಡಣ್ಣ. ಹೇಗಾದ್ರೂ ಸರಿ."

"ಸೋಮವಾರಕ್ಕೆ ತಳ್ಳೋರು ಬೇಕಾದ್ರೆ ಹೇಳು, ನಾನೇ ಬರ್ತೀನಿ."

ಮೇಸ್ತ್ರಿ ನಗಲಿಲ್ಲ. ಹೀರೋನೂ ನಗಲಿಲ್ಲ. ಸೋಮವಾರ ಬೆಳಿಗ್ಗೆ ಬಟ್ಟೆ ಗಿರಣಿಯ ಗೇಟಿನ ಮುಂದೆ ಆನೆ ನಿಲ್ಲಬೇಕಿತ್ತು. ಗಿರಣಿಯ ತಪಾಸಣೆಯವರನ್ನು ದಿನಾ ಕರೆದೊಯ್ಯುವ ಬಾಡಿಗೆ ಅದು, ಮನೆಗೆ ಇದ್ದ ದುಡಿಮೆ ಅದೊಂದೇ. ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಬೇರೆ ಗಾಡಿ ಎಂದು ಮ್ಯಾನೇಜರ್ ಹೋದ ವಾರವೇ ಹೇಳಿದ್ದ.

ಮೇಸ್ತ್ರಿ ಇಂಜಿನ್ನಿನ ಒಂದು ತೂತಿಗೆ ಬೆರಳು ಹಾಕಿ ತೆಗೆದ. ಬೆರಳ ತುದಿಗೆ ಕೆಂಪು ತುಕ್ಕಿನ ರಾಡಿ ಹತ್ತಿತ್ತು. "ನಾನು ಹುಯ್ದಿದ್ದು ಹಸಿರು ಕೂಲಂಟು. ಇದು ಬರೀ ನಲ್ಲಿ ನೀರು. ಯಾರೋ ಹಾಕಿದಾರೆ ಕಣೋ."

ಅಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಹೀರೋನ ಅಪ್ಪ ಕಾಣಿಸಿಕೊಂಡ. ಮನೆಯಲ್ಲಿ ಕೂತು ಕಾಯುವುದು ಅವನಿಂದ ಆಗಿರಲಿಲ್ಲ. ಆಯಸ್ಸೆಲ್ಲ ಲಾರಿ ಓಡಿಸಿದವನು. ಬಲಗಣ್ಣು ಪೂರ್ತಿ ಮಂಜಾದ ಮೇಲೆ ಲೈಸೆನ್ಸ್ ಹೋಯಿತು, ಆಮೇಲೆ ಮನೆಯಲ್ಲಿ ಯಾರೂ ಅವನನ್ನು ಏನೂ ಕೇಳುವುದನ್ನು ಬಿಟ್ಟರು. ಈಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವನಂತೆ ಬಂದ.

"ಏನಂತೆ?"

"ನೀರಿನ ತೊಂದ್ರೆ ಯಜಮಾನ್ರೇ," ಎಂದ ಮೇಸ್ತ್ರಿ.

"ಚಾನ್ಸೇ ಇಲ್ಲ. ನೀರು ನನ್ನ ಡಿಪಾರ್ಟ್‌ಮೆಂಟು."

ಹೀರೋ ತಲೆಯೆತ್ತಿದ. "ಅಂದ್ರೆ ಏನಪ್ಪಾ?"

"ನೀನು ಏಳೋದಕ್ಕೆ ಮುಂಚೆ ದಿನಾ ನಾನೇ ನೋಡೋದು. ಮೊದ್ಲು ಒಂದು ಚೊಂಬು ಹಿಡೀತಿತ್ತು. ಈಚೆಗೆ ಎರಡು. ಬಿಸಿಲು ಜಾಸ್ತಿ ಅಲ್ವಾ. ಗೆರೆ ಮುಟ್ಟೋವರೆಗೆ ತುಂಬ್ಸಿ, ಚೆಲ್ಲಿದ್ದು ಒರ್ಸಿ, ಸದ್ದಾಗದ ಹಾಗೆ ಬಾನೆಟ್ ಹಾಕಿ ಬಂದು ಮಲಗಿಬಿಡ್ತಿದ್ದೆ."

"ಒಂದು ಮಾತು ಹೇಳಲಿಲ್ವಲ್ಲ."

"ಹೇಳೋದೇನಿದೆ ಅದರಲ್ಲಿ? ನಮ್ ಕಾಲದಲ್ಲಿ ನೀರು ನೋಡ್ದೆ ಸ್ಟಾರ್ಟ್ ಮಾಡಿದ್ರೆ ಓನರ್ ಕಪಾಳಕ್ಕೆ ಬಿಡ್ತಿದ್ದ. ನೀನು ಎದ್ದು ನೋಡೋ ಹೊತ್ತಿಗೆ ಗಾಡಿ ರೆಡಿ ಇರ್ಬೇಕು, ಅಷ್ಟೇ." ಅಪ್ಪ ಮೇಸ್ತ್ರಿಯ ಕಡೆ ತಿರುಗಿ ನಕ್ಕ. "ಜ್ವರ ಬಂದಾಗ್ಲೂ ಒಂದು ದಿನ ತಪ್ಪಿಸಿಲ್ಲ."

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಬಾಯಿ ತೆರೆದ. ಹೀರೋ ಅಪ್ಪನ ಬೆನ್ನ ಹಿಂದೆ ನಿಂತು ತಲೆ ಅಲ್ಲಾಡಿಸಿದ, ಬೇಡ, ಬೇಡ. ಎಂಥ ಸಂದರ್ಭಕ್ಕೂ ಒಂದು ಪಂಚ್ ಇಟ್ಟುಕೊಂಡಿರುತ್ತಿದ್ದವನಿಗೆ ಈಗ ಕೈ ಮುಗಿಯುವುದೊಂದು ಬಾಕಿ ಇತ್ತು.

ಮೇಸ್ತ್ರಿ ತೆರೆದ ಬಾಯಲ್ಲಿ ಬೇರೆ ಮಾತು ಹುಡುಕಿದ. "ಏನಿಲ್ಲ ಯಜಮಾನ್ರೇ. ವಯಸ್ಸಾಗಿತ್ತು ಇದಕ್ಕೆ. ನೀವು ನೋಡ್ಕೊಂಡಿದ್ದಕ್ಕೆ ಇಷ್ಟು ದಿನ ಎಳೀತು."

"ಅದನ್ನೇ ನಾನು ಇವನ ಅಮ್ಮನಿಗೆ ಹೇಳೋದು! ನಂಬಲ್ಲ ಅವಳು."

ಹೀರೋ ಶೆಡ್ಡಿನ ಹಿಂದೆ ಹೋಗಿ, ಹಳೇ ಟಯರುಗಳ ನಡುವೆ ನಿಂತು, ಗಿರಣಿಗೆ ಫೋನ್ ಮಾಡಿದ. ಸೋಮವಾರ ಆಗಲ್ಲ ಸರ್ ಎಂದ. ಒಂದು ತಿಂಗಳು ಟೈಮ್ ಕೊಡಿ ಸರ್ ಎಂದ. ಆಮೇಲೆ ಬರೀ ಸರಿ ಸರ್, ಸರಿ ಸರ್. ಮ್ಯಾನೇಜರ್ ರೇಗಾಡಲಿಲ್ಲ, ಒಳ್ಳೇದಾಗಲಿ ಎಂದೇ ಫೋನಿಟ್ಟ. ಬೈಯಲು ಒಬ್ಬ ವಿಲನ್ನೂ ಇಲ್ಲದ ಹಾಗಾಯಿತು.

ಮೇಸ್ತ್ರಿಗೆ ಶೆಡ್ಡಿನಲ್ಲಿದ್ದ ಜಾಗ ಒಂದೇ ಗಾಡಿಗೆ, ಹೊರಗೆ ಇನ್ನೊಂದು ಕಾಯುತ್ತಿತ್ತು. ಆನೆಯನ್ನು ಮನೆಗೆ ಎಳೆಯುವುದೆಂದಾಯಿತು. ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿಟ್ಟರು. ಮೇಸ್ತ್ರಿ ತನ್ನ ಜೀಪಿಗೆ ಹಗ್ಗ ಕಟ್ಟಿದ. ಹೀರೋ ಬಾಗಿಲು ತೆರೆದರೆ, ಡ್ರೈವರ್ ಸೀಟಿನಲ್ಲಿ ಆಗಲೇ ಅಪ್ಪ ಕೂತಿದ್ದ.

"ಆ ಕಡೆ ಹೋಗು. ಹಗ್ಗದ ಗಾಡಿ ಹಿಡಿಯೋದು ನಿನ್ ಕೈಲಾಗಲ್ಲ. ಇಂಜಿನ್ ಇಲ್ದೆ ಬ್ರೇಕ್ ಕಲ್ಲಿನ ಹಾಗಿರುತ್ತೆ. ಹಗ್ಗ ಸಡಿಲ ಬಿಟ್ಯೋ, ಜಗ್ಗಿ ತುಂಡಾಗುತ್ತೆ."

"ಅಪ್ಪಾ, ನಿನ್ ಕಣ್ಣು..."

"ಒಂದು ಸಾಕು. ಮುಂದೆ ಜೀಪ್ ತಾನೆ ನೋಡ್ಬೇಕಾಗಿರೋದು? ಬಲಗಡೆ ನೀನು ನೋಡಿ ಹೇಳು."

ಹೀರೋ ಬಾಗಿಲು ಮುಚ್ಚಿದ. ಸುತ್ತಿ ಬಂದು ಪಕ್ಕದಲ್ಲಿ ಕೂತ. ಜೀಪು ಹೊರಟಿತು, ಹಗ್ಗ ಬಿಗಿಯಿತು, ಆನೆ ಸದ್ದಿಲ್ಲದೆ ರಸ್ತೆಗಿಳಿಯಿತು. ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿ, ಎದೆ ಮುಂದೆ ತಂದು, ಹಗ್ಗವನ್ನು ಒಂದೇ ಬಿಗಿಯಲ್ಲಿ ಹಿಡಿದುಕೊಂಡು ಬಂದ. ಎಲ್ಲೂ ಜಗ್ಗಲಿಲ್ಲ.

"ಹಿಂದೆ ಇದಾರಾ?"

"ಒಂದು ಬಸ್ಸು."

ಅಪ್ಪ ಬಲಗೈ ಹೊರಗೆ ಚಾಚಿ ಬೀಸಿದ. ಬಸ್ಸು ದಾಟಿತು. ಎರಡು ಬೈಕು ದಾಟಿದವು, ತರಕಾರಿ ವ್ಯಾನೊಂದು ಹಾರನ್ ಹೊಡೆದು ದಾಟಿತು. ಹೀರೋ ಹಿಂದಿನ ಗಾಜಿನಲ್ಲಿ ನೋಡುತ್ತ ಒಂದೊಂದನ್ನೂ ಹೇಳುತ್ತಿದ್ದ, ಆಮೇಲೆ ಹೇಳುವುದನ್ನು ನಿಲ್ಲಿಸಿದ. ರಸ್ತೆ ಖಾಲಿಯಾಗಿತ್ತು. ಅಪ್ಪನ ಕೈ ಮಾತ್ರ, ಇಸ್ತ್ರಿಯ ತೋಳು ಗಾಳಿಗೆ ಉಬ್ಬಿಸಿಕೊಂಡು, ಹೋಗಿ, ಮುಂದೆ ಹೋಗಿ ಎಂದು ಬೀಸುತ್ತಲೇ ಇತ್ತು.